ಅರವತ್ತು ಸಾವಿರ ಜೋಡಿಯ ಸಹಿ

ಶೂ ಹೊಲಿಯುವ ಊರಾದ ಮರಿಕಿನಾದಲ್ಲಿ ಯಾರೇ ಸತ್ತರೂ ಎಲ್ಯುತೆರ್ಯೊ ಕಟಕುಟಾನ್, ಊರವರ ಪಾಲಿಗೆ ತೆರ್ಯೊ, ಹೋಗುತ್ತಿದ್ದ. ಸತ್ತವರ ಪರಿಚಯ ಇರಲೇಬೇಕೆಂಬ ಕಟ್ಟುಪಾಡನ್ನು ಅವನು ಹೆಂಡತಿ ತೀರಿಕೊಂಡ ಎರಡನೇ ವರ್ಷವೇ ಕೈಬಿಟ್ಟಿದ್ದ. ಸಾವಿನ ಮನೆಯೆಂದರೆ ಹೂಳುವ ತನಕ ನಾಲ್ಕೈದು ದಿನ, ಒಮ್ಮೊಮ್ಮೆ ವಾರ; ಶವಪೆಟ್ಟಿಗೆಯ ಮುಂದೆ ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಬಿಸಿ ಕಾಫಿ, ತಟ್ಟೆಯಲ್ಲಿ ಬಿಸ್ಕತ್ತು, ಮೂಲೆಯಲ್ಲಿ ಇಸ್ಪೀಟು. ಪಕ್ಕದ ಕುರ್ಚಿಯವನು ಬೇಕೋ ಬೇಡವೋ ಏನಾದರೊಂದು ಮಾತಾಡಲೇಬೇಕು. ಎಲ್ಲಕ್ಕಿಂತ ದೊಡ್ಡ ಸೌಕರ್ಯವೆಂದರೆ, ಸಾವಿನ ಮನೆಯವರು ಬಂದವರನ್ನು ಬಾಗಿಲ ತನಕ ಬಂದು ಬೀಳ್ಕೊಡಬಾರದು. ಬೀಳ್ಕೊಟ್ಟರೆ ಸಾವು ಇನ್ನೊಬ್ಬರನ್ನು ಕರೆದೊಯ್ಯುತ್ತದೆ. ಹೀಗಾಗಿ ಸರಿ, ಇನ್ನು ಹೊರಡಿ ಎಂದು ಯಾರೂ ಸೂಚಿಸುವಂತಿಲ್ಲ. ಅಲ್ಲಿಂದ ನೇರ ಮನೆಗೆ ಹೋಗುವಂತೆಯೂ ಇಲ್ಲ, ಸತ್ತವರ ಆತ್ಮ ಬೆನ್ನು ಹತ್ತಿ ಬರುತ್ತದೆ. ನಡುವೆ ಎಲ್ಲಾದರೂ ತಂಗಿ ಹೋಗಬೇಕು. ಬೇರೆಯವರು ಈ ನೇಮಕ್ಕೆಂದು ಬೇಕರಿಯ ಮುಂದೆ ಎರಡು ನಿಮಿಷ ನಿಲ್ಲುತ್ತಿದ್ದರು. ತೆರ್ಯೊ ಮುಕ್ಕಾಲು ಗಂಟೆ ನಿಲ್ಲುತ್ತಿದ್ದ. ಆತ್ಮಗಳ ದಾರಿ ತಪ್ಪಿಸುವ ವಿಷಯದಲ್ಲಿ ಅವನಷ್ಟು ಶ್ರದ್ಧೆ ಇಗರ್ಜಿಯ ಪಾದ್ರಿಗೂ ಇರಲಿಲ್ಲ.

ಅಷ್ಟು ಸಾವುಗಳಿಗೆ ಹೋದರೂ ತೆರ್ಯೊಗೆ ಮಾತು ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ಕಸುಬಿನ ಕಾರಣವಿತ್ತು. ಮೂವತ್ತೆಂಟು ವರ್ಷ ಅವನು ಶೂ ಕಾರ್ಖಾನೆಯಲ್ಲಿ ಮರದ ಅಚ್ಚಿನ ಮೇಲೆ ಚರ್ಮ ಎಳೆಯುವವನಾಗಿದ್ದ. ಇಕ್ಕಳದಿಂದ ಚರ್ಮವನ್ನು ಬಿಗಿಯಾಗಿ ಎಳೆದು, ಬಾಯಲ್ಲಿ ಕಚ್ಚಿಕೊಂಡ ಸಣ್ಣ ಮೊಳೆಗಳನ್ನು ಒಂದೊಂದೇ ತೆಗೆದು ಹೊಡೆಯಬೇಕು. ಬಾಯಲ್ಲಿ ಇಪ್ಪತ್ತು ಮೊಳೆ ಇರುವವನು ಏನು ಕೇಳಿದರೂ 'ಮ್ಮ್' ಎನ್ನುತ್ತಾನೆ. ಊಟ ಆಯಿತಾ? ಮ್ಮ್. ಆರೋಗ್ಯವಾ? ಮ್ಮ್. ಕಾರ್ಖಾನೆ ಮುಚ್ಚುತ್ತಿದ್ದೇವೆ, ಬೇಜಾರಿಲ್ಲ ತಾನೆ? ಮ್ಮ್. ಕಾರ್ಖಾನೆ ಹೋಯಿತು, ಮೊಳೆಗಳು ಹೋದವು, ಹೆಂಡತಿಯೂ ಹೋದಳು. ಮ್ಮ್ ಒಂದು ಉಳಿಯಿತು.

ಆ ಏಪ್ರಿಲ್ ಮಧ್ಯಾಹ್ನ ಪೆಟ್ಟಿಗೆಯಲ್ಲಿ ಮಲಗಿದ್ದವನು ಮೀನು ವ್ಯಾಪಾರಿ ಕಾರ್ಮೆಲೊ. ಬಿಳಿ ಅಂಗಿ, ಕರಿ ಪ್ಯಾಂಟು, ಕಾಲಿಗೆ ಬರೀ ಕಾಲುಚೀಲ. ಸತ್ತವರಿಗೆ ಶೂ ತೊಡಿಸಿ ಕಳಿಸಿದರೆ ಆಮೇಲೆ ಅವರು ಮನೆಯೊಳಗೆ ಓಡಾಡುವ ಸಪ್ಪಳ ಕೇಳುತ್ತದೆ, ಯಾರೂ ತೊಡಿಸುವುದಿಲ್ಲ. ಆದರೆ ಕಾರ್ಮೆಲೊ ಕೊನೆಯ ದಿನಗಳಲ್ಲಿ ತನ್ನ ಲಾವಿನ್ ಶೂ ತನ್ನ ಜೊತೆಗೇ ಬರಬೇಕೆಂದು ಮಾತು ತೆಗೆದುಕೊಂಡಿದ್ದ. ಅವನ ಹೆಂಡತಿ ಆಲಿಂಗ್ ಪುರಿಂಗ್ ಒಂದು ನಡುದಾರಿ ಕಂಡುಕೊಂಡಿದ್ದಳು. ಶೂಗಳನ್ನು ಕಾಲಿಗೆ ಹಾಕದೆ ಮೊಣಕಾಲಿನ ಪಕ್ಕ ಇಟ್ಟು, ಎರಡರ ಲೇಸನ್ನೂ ಒಂದಕ್ಕೊಂದು ಗಂಟು ಹಾಕಿದ್ದಳು. ಒಂದು ವೇಳೆ ಅವನು ಎದ್ದು ಹಾಕಿಕೊಂಡರೂ ಎರಡನೇ ಹೆಜ್ಜೆಗೆ ಮುಗ್ಗರಿಸಲಿ ಎಂದು.

ಲಾವಿನ್ ಎಂದರೆ ಗಿಡುಗ. ಅದು ಹೊನೊರಾತೊ ಲಿವಾನಾಗ್‌ನ ಅಡ್ಡಹೆಸರು. ಎಂಬತ್ತರ ದಶಕದಲ್ಲಿ ಅವನು ಬಾಸ್ಕೆಟ್‌ಬಾಲ್ ಆಡುತ್ತಿದ್ದಾಗ ಆ ಬೀದಿಗಳಲ್ಲಿ ಅನ್ನ ಸೀಯುತ್ತಿತ್ತು, ನೋಡಿಕೊಳ್ಳುವವರೆಲ್ಲ ಟಿವಿಯ ಮುಂದೆ. ಅವನು ಚೆಂಡು ಹಿಡಿದು ಮೇಲಕ್ಕೆ ಹಾರಿದರೆ ಕೆಳಗಿಳಿಯುವಷ್ಟರಲ್ಲಿ ರೇಡಿಯೊದವರು ಒಂದು ಸಾಬೂನಿನ ಜಾಹೀರಾತು ಮುಗಿಸುತ್ತಿದ್ದರಂತೆ. ಎಂಬತ್ತೇಳರಲ್ಲಿ ತೆರ್ಯೊನ ಕಾರ್ಖಾನೆ ಅವನ ಹೆಸರಿನ ಶೂ ತಂದಿತು. ಬಿಳಿ ಬಣ್ಣ, ಹರಡಿನ ಮೇಲಕ್ಕೆ ಬರುವ ಎತ್ತರ, ಬದಿಯಲ್ಲಿ ಕೆಂಪು ರೆಕ್ಕೆ, ಹರಡಿನ ಹತ್ತಿರ ಚಿನ್ನದ ಬಣ್ಣದಲ್ಲಿ ಲಿವಾನಾಗ್‌ನ ಸಹಿ. ಎರಡು ವರ್ಷದಲ್ಲಿ ಅರವತ್ತು ಸಾವಿರ ಜೋಡಿ. ಆಮೇಲೆ ಲಿವಾನಾಗ್‌ನ ಮಂಡಿ ಮುರಿಯಿತು, ಹೊರದೇಶದ ಶೂ ಬಂತು, ಲಾವಿನ್ ಮಂಚದ ಕೆಳಗೆ ಸೇರಿತು. ಈಗ ಇಷ್ಟು ವರ್ಷಗಳ ಮೇಲೆ, ಅವನ ಆಟವನ್ನು ನೋಡದ ಪೀಳಿಗೆಯವರು ಅದೇ ಶೂವನ್ನು ಹುಡುಕಿಕೊಂಡು ಮಂಚದ ಕೆಳಗೆಲ್ಲ ತೆವಳುತ್ತಿದ್ದರು.

ಹಾಗೆ ತೆವಳುವವರಲ್ಲಿ ಪುರಿಂಗ್‌ಳ ಅಕ್ಕನ ಮಗ ಜೋಮಾರ್ ಒಬ್ಬ. ಹಳೆಯ ಶೂಗಳನ್ನು ಫೋನಿನಲ್ಲೇ ಕೊಂಡು ಫೋನಿನಲ್ಲೇ ಮಾರುವುದು ಅವನ ವ್ಯಾಪಾರ. ಅವನು ಪೆಟ್ಟಿಗೆಯೊಳಗೆ ಕೈ ಹಾಕಿ ಒಂದು ಶೂ ಎತ್ತಿ, ಇನ್ನೊಂದು ಗಂಟಿನಿಂದ ಜೋತಾಡುತ್ತಿರಲು, ಚಿಕ್ಕಪ್ಪನ ಆತ್ಮದ ಕ್ಷಮೆ ಕೇಳಿ ವಿಷಯ ಮಂಡಿಸಿದ. ಅಸಲಿಯಾದರೆ ಇದನ್ನು ಹೂಳುವುದು ಪಾಪ. ನಕಲಿಯಾದರೆ ಚಿಕ್ಕಪ್ಪನ ಜೊತೆ ಹೋಗಲಿ. ನಕಲಿಗಳೂ ಇದೇ ಮರಿಕಿನಾದಲ್ಲಿ, ಮುಂದಿನ ಬೀದಿಯಲ್ಲೇ ಆಗುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಇರುವ ಗುರುತು ಸಹಿಯೊಂದೇ. ಆದರೆ ಸಹಿ ಹೇಗಿರಬೇಕೆಂದು ಬಲ್ಲವರಾರು?

ಶೂ ಕೈಯಿಂದ ಕೈಗೆ ಹೋಗಿ ಕೊನೆಯ ಸಾಲಿನ ತೆರ್ಯೊನ ತೊಡೆಯ ಮೇಲೆ ಬಂತು. ಅವನು ನೋಡಿದ. ಎಷ್ಟೋ ವರ್ಷಗಳಲ್ಲಿ ಮೊದಲ ಸಲ, ಯಾರೂ ಅವನನ್ನು ಕೇಳದೆಯೇ ಅವನ ಬಾಯಿಂದ ಒಂದು ಇಡೀ ವಾಕ್ಯ ಹೊರಬಂತು.

"ಇದು ನನ್ನ ಕೈಬರಹ."

ಅದು ನಿಜವೇ ಆಗಿತ್ತು. ಲಿವಾನಾಗ್ ಒಂದು ಕಾಗದದ ಮೇಲೆ ಸಹಿ ಹಾಕಿ ಕಾರ್ಖಾನೆಗೆ ಕಳಿಸಿದ್ದ. ಅದು ಮೇಜಿನ ಮೇಲಿತ್ತು. ಸಂಜೆ ತಿಂಡಿಯ ಹೊತ್ತಿಗೆ ಯಾರೋ ಪನ್ಸಿತ್ ಶ್ಯಾವಿಗೆಯ ತಟ್ಟೆಯನ್ನು ಅದರ ಮೇಲಿಟ್ಟರು. ಎಣ್ಣೆ ಹರಡಿ ಸಹಿ ಕೆಸುವಿನೆಲೆಯಷ್ಟು ಅಗಲವಾಯಿತು. ಸಹಿಯ ಅಚ್ಚು ಮಾಡುವವನನ್ನು ಕರೆದುಕೊಂಡು ಯಜಮಾನ ಮೆಟ್ಟಿಲು ಹತ್ತುತ್ತಿದ್ದ. ಮೇಸ್ತ್ರಿಗೆ ಬೆವರು ಕಿತ್ತುಕೊಂಡು ಬಂತು. ಡಬ್ಬಗಳ ಮೇಲೆ ಚೆಂದವಾಗಿ ನಂಬರು ಬರೆಯುವವನೆಂದು ಹೆಸರಿದ್ದ ತೆರ್ಯೊನನ್ನು ಹಿಡಿದು, ನೀನು ಬರೀತೀಯಾ ಎಂದ. ತೆರ್ಯೊನ ಬಾಯಲ್ಲಿ ಮೊಳೆಗಳಿದ್ದವು. ಮ್ಮ್, ಎಂದ.

ಸಾವಿನ ಮನೆಯಲ್ಲಿ ಅವನಿಗೆ ಈ ಕಥೆಯ ಕಾಲುಭಾಗವೂ ಹೇಳಲಾಗಲಿಲ್ಲ. ಇಸ್ಪೀಟಾಡುವವರು ಎಲೆ ಕೆಳಗಿಟ್ಟು ನಗತೊಡಗಿದರು. ಹಾಗಾದರೆ ಆ ಹಾರುತ್ತಿದ್ದದ್ದೂ ನೀವೇ ಇರಬೇಕು ಎಂದ ಒಬ್ಬ. ಮುರಿದದ್ದು ಯಾರ ಮಂಡಿ ಎಂದು ಇನ್ನೊಬ್ಬ ಕೇಳಿದ. ಪುರಿಂಗ್ ಕೂಡ ನಕ್ಕಳು, ನಕ್ಕದ್ದಕ್ಕೆ ಅತ್ತಳು. ಅವಳು ಅತ್ತದ್ದನ್ನು ನೋಡಲಾರದೆ ತೆರ್ಯೊ ಮಾತನ್ನು ಸ್ವಲ್ಪ ರಿಪೇರಿ ಮಾಡಿದ.

"ಅಂದ್ರೆ... ಅವನು ಸಹಿ ಹಾಕುವಾಗ ನಾನು ಪಕ್ಕದಲ್ಲಿದ್ದೆ. ಕಾಗದ ಹಿಡಿದಿದ್ದೆ."

ತಕ್ಷಣ ಮನೆ ಗಂಭೀರವಾಯಿತು. ಮೊದಲನೆಯದಕ್ಕೆ ಸಾಕ್ಷಿಯಿರಲಿಲ್ಲ, ಎರಡನೆಯದಕ್ಕೂ ಇರಲಿಲ್ಲ. ಆದರೆ ಎರಡನೆಯದರಲ್ಲಿ ಲಿವಾನಾಗ್ ಇದ್ದ. ತೆರ್ಯೊನ ಕುರ್ಚಿ ಫ್ಯಾನಿನ ಎದುರಿಗೆ ಬಂತು. ಎರಡನೇ ಲೋಟ ಕಾಫಿ ಬಂತು, ಬಿಸ್ಕತ್ತಿನ ತಟ್ಟೆಯನ್ನು ಪೂರ್ತಿಯಾಗಿ ಅವನ ತೊಡೆಯ ಮೇಲಿಟ್ಟರು. ಲಿವಾನಾಗ್ ಹತ್ತಿರದಿಂದ ಹೇಗಿದ್ದ, ಸೆಂಟು ಹಾಕುತ್ತಿದ್ದನೇ, ಸಹಿ ಹಾಕುವಾಗ ಏನಂದ ಎಂದು ಹನ್ನೊಂದು ಜನ ಕೇಳಿದರು. ತೆರ್ಯೊ ಅಂದು ಬೇಕರಿಯ ಮುಂದೆ ನಿಲ್ಲುವುದನ್ನೇ ಮರೆತು ನೇರ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಜೋಮಾರ್ ಬಾಗಿಲಲ್ಲಿದ್ದ. ಎರಡು ಜೋಡಿ ಶೂ, ಒಂದು ಪೊಟ್ಟಣ ಬಿಸಿ ಬನ್ನು. ಆ ವಾರ ಇನ್ನೂ ಒಂಬತ್ತು ಜನ ಬಂದರು. ತನ್ನ ಬರಹವನ್ನು ಗುರುತಿಸಲು ತೆರ್ಯೊಗೆ ಒಂದು ನೋಟ ಸಾಕಿತ್ತು. ಆದರೆ ಅವನು ಬೇಗನೆ ಒಂದು ಸಂಗತಿ ಕಂಡುಕೊಂಡ. ಅಸಲಿ ಎಂದರೆ ಬಂದವರು ಶೂ ಎತ್ತಿಕೊಂಡು ಖುಷಿಯಲ್ಲಿ ಓಡುತ್ತಾರೆ. ನಕಲಿ ಎಂದರೆ ಬೈಯುತ್ತ ಹೋಗುತ್ತಾರೆ. ಇನ್ನೊಮ್ಮೆ ಬೆಳಕಲ್ಲಿ ನೋಡಬೇಕು ಎಂದರೆ ಕೂರುತ್ತಾರೆ, ನಾಳೆಯೂ ಬರುತ್ತಾರೆ. ಆದ್ದರಿಂದ ಅವನು ಯಾವ ಶೂವಿನ ಬಗೆಗೂ ತೀರ್ಪು ಕೊಡಲಿಲ್ಲ. ಭೂತಗನ್ನಡಿ ಹಿಡಿದು, ಕಿಟಕಿಗೆ ತಿರುಗಿಸಿ, ಮೂಸಿ ಕೂಡ ನೋಡಿ, ಮ್ಮ್ ಎನ್ನುತ್ತಿದ್ದ. ಒಂದು ತಿಂಗಳಲ್ಲಿ ಇಪ್ಪತ್ತಮೂರು ಜೋಡಿ ಲಾವಿನ್ ಅವನ ಮನೆಯಲ್ಲಿ ಪರಿಶೀಲನೆಯಲ್ಲಿದ್ದವು. ಒಂದೊಂದರ ಮೇಲೂ ಯಜಮಾನರ ಹೆಸರಿನ ಚೀಟಿ. ಹೀಗೆ ನಿಧಾನಿಸುವುದನ್ನು ನೋಡಿ ಜನರಿಗೆ ಅವನ ಮೇಲೆ ನಂಬಿಕೆ ಹೆಚ್ಚಿತು. ಬರೀ ಕಣ್ಣಳತೆಯಲ್ಲಿ ಹೇಳುವವನಲ್ಲ ಎಂದರು. ಪುರಿಂಗ್ ಗಂಡನ ಶೂಗಳನ್ನು ಪೆಟ್ಟಿಗೆಯಿಂದ ತೆಗೆಸಿ ಗಂಟು ಬಿಚ್ಚದೆ ಅಲ್ಲಿಗೇ ತಂದಿಟ್ಟಿದ್ದಳು, ದಿನಾ ಬಂದು ಅವುಗಳನ್ನು ಮಾತಾಡಿಸಿ, ಗಂಟೆ ಹೊತ್ತು ಕೂತು ಹೋಗುತ್ತಿದ್ದಳು.

ಹನ್ನೊಂದು ವರ್ಷ ಕಾಣದ ಅವನ ನಾದಿನಿ ತಿಕಾ ಕೂಡ ಒಂದು ಶೀಶೆ ನೇರಳೆ ಗೆಣಸಿನ ಹಲ್ವದೊಂದಿಗೆ ಬಂದಿಳಿದಳು. ಹೆಂಡತಿಯ ತಂಗಿಯೆಂಬ ಹಕ್ಕಿನಿಂದ ಒಳ್ಳೆಯ ಕುರ್ಚಿ ಹಿಡಿದು, ಅಲ್ಲಿದ್ದವರಿಗೆಲ್ಲ ತನ್ನ ಅಕ್ಕ ಲಿವಾನಾಗ್‌ಗೆ ಸ್ವತಃ ಬಡಿಸುತ್ತಿದ್ದಳೆಂದೂ, ಅವನು ಬಾಳೆಯೆಲೆಯನ್ನೂ ನೆಕ್ಕುತ್ತಿದ್ದನೆಂದೂ, ಭಾವ ಅವನ ಮಗುವಿನ ಜ್ಞಾನಸ್ನಾನಕ್ಕೆ ನಿಂತಿದ್ದನೋ, ಅವನೇ ಯಾವುದೋ ಮಗುವಿಗೆ ನಿಂತಿದ್ದನೋ, ಒಟ್ಟಿನಲ್ಲಿ ಇಬ್ಬರೂ ಕುಂಪಾರೆಗಳೆಂದೂ ಹೇಳಿದಳು. ಒಂದೇ ಮಗುವಿಗೆ ಒಬ್ಬ ಹುಟ್ಟಿಸಿದ ತಂದೆ, ಒಬ್ಬ ಧರ್ಮಪಿತ ಆದರೆ ಅವರಿಬ್ಬರೂ ಸಾಯುವ ತನಕ ಕುಂಪಾರೆಗಳು, ಒಡಹುಟ್ಟಿದವರಿಗಿಂತ ಹತ್ತಿರ. ತೆರ್ಯೊಗೆ ಮಕ್ಕಳೇ ಇರಲಿಲ್ಲವೆಂಬ ಸಣ್ಣ ತೊಡಕನ್ನು ಯಾರೂ ಎತ್ತಲಿಲ್ಲ. ತೆರ್ಯೊನೂ ಎತ್ತಲಿಲ್ಲ. ತಿಕಾ ಊಟಕ್ಕೆ ಉಳಿಯುವವಳಿದ್ದಳು.

ಈ ಸುದ್ದಿ ಆ ಬೀದಿಗಳ ಆಡಳಿತ ನೋಡುವ ಬಾರಂಗಾಯ್ ಕಚೇರಿಗೆ ಮುಟ್ಟಿದ್ದು ಹೀಗೆ. ಅಲ್ಲಿಯ ಅಧ್ಯಕ್ಷೆ ಓಫೆಲ್ಯಾ ಡಿಮಾಯುಗಾ, ಎಲ್ಲರ ಬಾಯಲ್ಲಿ ಕ್ಯಾಪ್ಟನ್ ಮೊಟಕಾಗಿ 'ಕ್ಯಾಪ್'. ಬೀದಿಯ ಬಾಸ್ಕೆಟ್‌ಬಾಲ್ ಅಂಕಣಕ್ಕೆ ಅವಳು ಹೊಸ ಸೂರು ಹಾಕಿಸಿದ್ದಳು. ಊರ ಹಬ್ಬದ ದಿನ ಅದರ ಉದ್ಘಾಟನೆ, ಅಂದೇ ಪಂದ್ಯಾವಳಿಯ ಆರಂಭ. ಕ್ಯಾಪ್ ಕಾರ್ಯದರ್ಶಿಯೊಂದಿಗೆ ತೆರ್ಯೊನ ಮನೆಗೆ ಬಂದಾಗ ಅವನ ಬಾಯಲ್ಲಿ ಕರಿದ ಬಾಳೆಹಣ್ಣಿನ ದೊಡ್ಡ ತುಂಡಿತ್ತು.

"ಲಿವಾನಾಗ್ ನಿಮ್ಮ ಕುಂಪಾರೆ ಅಂತಲ್ಲ ತಾತಾಂಗ್, ಹೌದಾ?"

"ಮ್ಮ್."

"ಮತ್ತೆ ಕರೆದ್ರೆ ಬರ್ತಾರೆ ತಾನೆ?"

ಬಾಳೆಹಣ್ಣು ಇನ್ನೂ ಇಳಿದಿರಲಿಲ್ಲ.

ಮೂರೇ ದಿನದಲ್ಲಿ ಬೀದಿಯ ಬಾಯಿಗೆ ಫ್ಲೆಕ್ಸ್ ಬಂತು. ಅದರಲ್ಲಿ ಕ್ಯಾಪ್‌ಳ ಮುಖ ಒಂದು ಬಾಗಿಲಿನಷ್ಟಿತ್ತು. ಒಂದು ಮೂಲೆಯಲ್ಲಿ ಹಾರುತ್ತಿರುವ ಲಿವಾನಾಗ್, ಇನ್ನೊಂದು ಮೂಲೆಯಲ್ಲಿ ಹಿರಿಯ ನಾಗರಿಕರ ಕಾರ್ಡಿನಿಂದ ತೆಗೆದ ತೆರ್ಯೊನ ಮುಖ. ಜಾಗ ಸಾಲದೆ ಹತ್ತಿರ ತಂದಿದ್ದರಿಂದ ಲಿವಾನಾಗ್ ಚೆಂಡನ್ನು ತೆರ್ಯೊನ ತಲೆಯ ಮೇಲೆ ಕುಕ್ಕುತ್ತಿರುವಂತೆ ಕಾಣುತ್ತಿತ್ತು. ತೆರ್ಯೊನ ಮುಖಭಾವ ಅದಕ್ಕೆ ಸರಿಯಾಗಿಯೇ ಇತ್ತು.

ಅವನು ಲಿವಾನಾಗ್‌ಗೆ ಒಂದು ಪತ್ರ ಬರೆದ. ವಿಳಾಸ ಗೊತ್ತಿಲ್ಲದ್ದರಿಂದ ಅದನ್ನು ಮನೆಯ ಸಂತನ ಮೂರ್ತಿಯ ಪೀಠದಡಿ ಇಟ್ಟ. ಅಲ್ಲಿಂದ ತಲುಪುವುದಿದ್ದರೆ ತಲುಪಲಿ. ಉತ್ತರ ಬಂತೇ ಎಂದು ಕೇಳಿದವರಿಗೆ ಮ್ಮ್ ಎಂದ. ಹಬ್ಬದ ಹಿಂದಿನ ದಿನ ಲಿವಾನಾಗ್‌ಗೆ ಏನಾಗಬೇಕೆಂಬುದನ್ನೂ ನಿರ್ಧರಿಸಿದ್ದ. ಪಿತ್ತಕೋಶದ ಕಲ್ಲು ಎಂದರೆ ಅತಿಯಾಗುತ್ತದೆ. ಕಾಲುಬೇನೆ ಸಾಕು, ಗಂಟುನೋವಿನ ಕಾಲು, ಪಾಪ ಎದ್ದು ನಿಲ್ಲಲಾಗುತ್ತಿಲ್ಲ. ಆದರೆ ಕ್ಯಾಪ್‌ಳ ಕಾರ್ಯದರ್ಶಿ ಕೆಲಸಗಳ್ಳನಾಗಿರಲಿಲ್ಲ, ತೆರ್ಯೊನ ದುರದೃಷ್ಟ. ಅವನು ಫೋನಿನಲ್ಲಿ ಹುಡುಕಿ, ಲಿವಾನಾಗ್‌ನ ತಂಗಿಯ ಮಗಳನ್ನು ಹಿಡಿದು, ಅವಳಿಂದ ಲಿವಾನಾಗ್‌ನನ್ನೇ ಮಾತಿಗೆ ಎಳೆದ. ಕಟಕುಟಾನ್ ಎಂಬ ಕುಂಪಾರೆಯ ನೆನಪಿಲ್ಲವೆಂದು ಲಿವಾನಾಗ್ ಹೇಳಿದನಂತೆ. ಪಾರ್ಶ್ವವಾಯು ಆದಾಗಿನಿಂದ ಬಹಳ ಜನರ ನೆನಪಿಲ್ಲ. ಒಬ್ಬರಾದರೂ ತನ್ನನ್ನು ನೆನಪಿಟ್ಟಿದ್ದಾರೆಂದರೆ ಬರದೆ ಇರುವುದು ಸರಿಯಲ್ಲ, ಬರುತ್ತೇನೆ ಅಂದನಂತೆ.

ಹಬ್ಬದ ಬೆಳಿಗ್ಗೆ ಹೊಸ ಸೂರಿನಡಿ ಆರುನೂರು ಕುರ್ಚಿ ಹಾಕಿದ್ದರು. ಲಿವಾನಾಗ್ ಕಾರಿನಲ್ಲಿ ಬರುತ್ತಾನೆಂದು ಬ್ಯಾಂಡಿನವರು ಮುಖ್ಯರಸ್ತೆಯಲ್ಲಿ ಕಾದರು. ಅವನು ಮೂರು ಚಕ್ರದ ಟ್ರೈಸಿಕಲ್‌ನಿಂದ, ಮಡಚಿದ ಕೊಡೆ ಬಿಚ್ಚಿದಂತೆ, ಅಂಕಣದ ಹಿಂಬಾಗಿಲಲ್ಲಿ ಇಳಿದ. ಅರವತ್ತೆಂಟರ ಮುದುಕ. ಬಾಯಿಯ ಒಂದು ಬದಿ ಇಳಿದಿತ್ತು, ಕಾಲಲ್ಲಿ ಚಪ್ಪಲಿ. ಸ್ವಯಂಸೇವಕಿ ಅವನ ತೋಳು ಹಿಡಿದು ಹಿರಿಯ ನಾಗರಿಕರ ಉಚಿತ ರಕ್ತದೊತ್ತಡ ತಪಾಸಣೆಯ ಸಾಲಿಗೆ ಸೇರಿಸಿದಳು. ಅವನು ಇಪ್ಪತ್ತು ನಿಮಿಷ ಸಾಲಿನಲ್ಲಿ ನಿಂತು ರಕ್ತದೊತ್ತಡ ನೋಡಿಸಿಕೊಂಡ. ಸ್ವಲ್ಪ ಹೆಚ್ಚಿತ್ತು. ಉಪ್ಪು ಕಡಿಮೆ ಮಾಡಿ ಎಂದು ಹೇಳಿ ಹೆಸರು ಕೇಳಿದಾಗಲೇ ಗುಟ್ಟು ರಟ್ಟಾದದ್ದು.

ವೇದಿಕೆಯ ಮೇಲೆ ಕುಂಪಾರೆಗಳಿಬ್ಬರನ್ನೂ ಎದುರುಬದುರು ನಿಲ್ಲಿಸಿದರು. ಆರುನೂರು ಜನ ಅಪ್ಪುಗೆಗೆ ಕಾದರು. ಲಿವಾನಾಗ್ ಬಗ್ಗಿ ತೆರ್ಯೊನ ಮುಖವನ್ನು ಹುಡುಕಿ ನೋಡಿ, ಅವನಿಗೆ ಮಾತ್ರ ಕೇಳುವಂತೆ ಹೇಳಿದ.

"ತಪ್ಪು ತಿಳ್ಕೋಬೇಡ ಕುಂಪಾರೆ. ಎಷ್ಟು ನೆನೆಸಿಕೊಂಡ್ರೂ ಬರ್ತಿಲ್ಲ. ಮಗು ಹೆಸರೇನು?"

ತೆರ್ಯೊ ಅವನನ್ನು ಅಪ್ಪಿಕೊಂಡುಬಿಟ್ಟ. ಉತ್ತರ ತಪ್ಪಿಸಲು ಬೇರೆ ದಾರಿ ಕಾಣಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಪುರಿಂಗ್ ಕಣ್ಣೊರೆಸಿಕೊಂಡಳು, ತಿಕಾ ಸುತ್ತಲಿದ್ದವರಿಗೆಲ್ಲ ನಾನು ಹೇಳಿರಲಿಲ್ಲವೇ ಎಂದಳು.

ಆಮೇಲೆ ಜೋಮಾರ್ ಒಂದು ಲಾವಿನ್ ಮತ್ತು ಪೆನ್ನು ಹಿಡಿದು ವೇದಿಕೆ ಹತ್ತಿದ. ಹಳೆಯ ಸಹಿಯ ಪಕ್ಕದಲ್ಲೇ ಹೊಸದೊಂದು ಬೇಕಿತ್ತು. ಲಿವಾನಾಗ್ ಸ್ವಲ್ಪ ಹಿಂಜರಿದು, ತನಗೆ ಮೊದಲಿಂದಲೂ ರೂಢಿಯ ಎಡಗೈಯಲ್ಲಿ ಬರೆದ. ಗಿಡ್ಡ ಅಕ್ಷರ, ಎಡಕ್ಕೆ ವಾಲಿದ್ದು, ಕೊನೆಯಲ್ಲಿ ಮುರಿದ ಕಡ್ಡಿಯಂಥದ್ದೊಂದು ಗೀಟು. ಪಕ್ಕದಲ್ಲಿ ಚಿನ್ನದ ಬಣ್ಣದ ಸಹಿ ಬಲಕ್ಕೆ ಬಾಗಿ, ಹಂಸದ ಕತ್ತಿನಂಥ ಎಲ್ ಅಕ್ಷರದೊಂದಿಗೆ ಕೂತಿತ್ತು. ಜೋಮಾರ್ ಎರಡನ್ನೂ ನೋಡಿದ, ಫೋನಿನಲ್ಲಿ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿದ, ಪಕ್ಕದವನಿಗೆ ತೋರಿಸಿದ. ಒಂದು ನಿಮಿಷದಲ್ಲಿ ಆ ಚಿತ್ರ ಆರುನೂರು ಕುರ್ಚಿಗಳನ್ನೂ ಸುತ್ತಿತು. ಈ ಮನುಷ್ಯ ಲಿವಾನಾಗ್ ಅಲ್ಲ, ಎಂದ ಜೋಮಾರ್.

ಎತ್ತರ ನೋಡಿ ಎಂದರು ಕೆಲವರು. ಎತ್ತರ ಇದ್ದವರೆಲ್ಲ ಲಿವಾನಾಗ್ ಆಗುವುದಾದರೆ ನಮ್ಮ ಪೋಸ್ಟ್‌ಮನ್ನೂ ಲಿವಾನಾಗೇ ಎಂದರು ಉಳಿದವರು. ಲಿವಾನಾಗ್ ಗುರುತಿನ ಚೀಟಿ ತೆಗೆದುಕೊಟ್ಟ. ಅಲ್ಲೇ ಕೆಟ್ಟದ್ದು. ಚೀಟಿಯ ಫೋಟೊ, ಎಲ್ಲ ಚೀಟಿಗಳ ಫೋಟೊಗಳಂತೆ, ಯಾರನ್ನೂ ಹೋಲುತ್ತಿರಲಿಲ್ಲ. ಆದರೆ ಅದರ ಕೆಳಗಿದ್ದ ಸಹಿ ಹಂಸದ ಕತ್ತಿನದು, ಬಲಕ್ಕೆ ಬಾಗಿದ್ದು, ಶೂವಿನ ಮೇಲಿದ್ದದ್ದೇ. ಜೋಮಾರ್‌ಗೆ ಈಗ ಎಲ್ಲ ಸ್ಪಷ್ಟವಾಯಿತು. ಚೀಟಿ ಲಿವಾನಾಗ್‌ನದೇ, ಈ ಮನುಷ್ಯ ಅದನ್ನು ಕದ್ದಿದ್ದಾನೆ.

ತೆರ್ಯೊ ಆ ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ. ಸರ್ಕಾರಿ ಚೀಟಿಯ ಮೇಲೆ, ತಾನೆಂದೂ ಕಾಣದ ಮನುಷ್ಯನ ಫೋಟೊದ ಕೆಳಗೆ, ತನ್ನ ಅಕ್ಷರವಿತ್ತು.

ಕ್ಯಾಪ್ ಮೈಕು ಹಿಡಿದಳು. ಫ್ಲೆಕ್ಸಿಗೆ, ಸೂರಿಗೆ, ತನ್ನ ಮುಖಕ್ಕೆ ಆಗಬಹುದಾದ ಹಾನಿಯನ್ನು ಲೆಕ್ಕ ಹಾಕಿ, ಇದನ್ನು ತೀರ್ಮಾನಿಸಬಲ್ಲವರು ಒಬ್ಬರೇ ಎಂದು ಸಾರಿ ಮೈಕನ್ನು ತೆರ್ಯೊನ ಬಾಯಿಗೆ ಹಿಡಿದಳು. ಹೌದು ಎಂದರೆ ಇಪ್ಪತ್ತಮೂರು ಜೋಡಿ ಶೂಗಳ ಸಹಿ ಸುಳ್ಳು, ಅವುಗಳ ಯಜಮಾನರು ಸಂಜೆಯೊಳಗೆ ಬಂದು ಎತ್ತಿಕೊಂಡು ಹೋಗುತ್ತಾರೆ, ಮನೆ ಮತ್ತೆ ಹಳೆಯ ಮನೆ. ಅಲ್ಲ ಎಂದರೆ ಈ ಮುದುಕನನ್ನು ಪೊಲೀಸಿಗೆ ಕೊಡುತ್ತಾರೆ. ಮ್ಮ್ ಎಂದರೆ ಅವರವರಿಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತಾರೆ. ತೆರ್ಯೊ ನಾಲಿಗೆಯಿಂದ ಹಲ್ಲುಗಳನ್ನು ಸವರಿ ನೋಡಿಕೊಂಡ.

"ಇವರೇ ಲಿವಾನಾಗ್," ಎಂದ. "ಶೂ ಮೇಲಿರೋದು ನಾನು ಬರೆದದ್ದು. ಇವರನ್ನ ನಾನು ನೋಡ್ತಿರೋದು ಇವತ್ತೇ ಮೊದಲು. ನಾನು ಯಾರ ಕುಂಪಾರೆಯೂ ಅಲ್ಲ."

ಅವನು ಪೆನ್ನು ಕಿತ್ತುಕೊಂಡು, ಬಹುಮಾನದ ಡಬ್ಬದ ಮೇಲೆ ಬರೆದು ಎತ್ತಿ ಹಿಡಿದ. ಹಂಸದ ಕತ್ತು, ಬಲಕ್ಕೆ ಬಾಗು, ಬಾಲ, ಎಲ್ಲ ಕೂದಲೆಳೆಯ ವ್ಯತ್ಯಾಸವಿಲ್ಲದೆ. ಜೋಮಾರ್ ಫೋನಿನಲ್ಲಿ ದೊಡ್ಡದು ಮಾಡಿ ನೋಡಿ ಬಾಯಿ ತೆರೆದ. ಇಷ್ಟರಲ್ಲಿ ಮೊದಲ ಸಾಲಿನಿಂದ ಪುರಿಂಗ್‌ಳ ಅಳು ತುಂಬಿದ ಧ್ವನಿ ಬಂತು.

"ನೋಡ್ರಪ್ಪಾ, ಕುಂಪಾರೆಯ ಸಹೀನ ಎಷ್ಟು ಚೆನ್ನಾಗಿ ನೆನಪಿಟ್ಕೊಂಡಿದಾರೆ. ನನ್ನ ಗಂಡನ ಸಹಿ ನಂಗೇ ನೆನಪಿಲ್ಲ."

ಚಪ್ಪಾಳೆ ಒಂದು ಮೂಲೆಯಿಂದ ಹೊರಟು ಸೂರಿನ ತಗಡನ್ನು ಅದುರಿಸಿತು. ಕ್ಯಾಪ್ ಮೈಕನ್ನು ವಾಪಸು ಪಡೆದು ಅರ್ಥ ಬಿಡಿಸಿ ಹೇಳಿದಳು. ಯಾರೋ ಒಬ್ಬ ಅಪರಿಚಿತ ಮುದುಕನ ಮಾನ ಉಳಿಸಲು ನಮ್ಮ ತಾತಾಂಗ್ ತಾನೇ ಖೋಟಾ ಸಹಿಯವನೆಂದು ಆರುನೂರು ಜನರ ಮುಂದೆ ಹೇಳಿಕೊಂಡರು. ಇಂಥ ದೊಡ್ಡ ಮನಸ್ಸು ಈ ಬಾರಂಗಾಯ್‌ನಲ್ಲಿದೆ. ನಿಂತ ನಿಲುವಿನಲ್ಲೇ ಒಂದು ಠರಾವು ಆಯಿತು. ಶೂವಿನ ಮೇಲಿನ ಸಹಿಯೇ ಲಿವಾನಾಗ್‌ನ ಅಧಿಕೃತ ಸಹಿ. ಬಂದಿರುವ ವ್ಯಕ್ತಿಯ ಮೇಲೆ ತಾತಾಂಗ್‌ರ ಮುಖ ನೋಡಿ ದೂರು ಕೊಡುವುದಿಲ್ಲ, ಒಂದು ಊಟದ ಪೊಟ್ಟಣ ಕೊಟ್ಟು ಕಳಿಸುವುದು. ಇಬ್ಬರು ಕಾವಲಿನವರು ಲಿವಾನಾಗ್‌ನನ್ನು ಮೆಟ್ಟಿಲಿಳಿಸಿದರು. ಪೊಟ್ಟಣ ಎರಡು ಕೊಟ್ಟರು, ಅಷ್ಟು ಎತ್ತರದ ಮನುಷ್ಯ.

ಕುರ್ಚಿಗಳ ಸಂದಿಯಲ್ಲಿ ಬೆನ್ನು ತಟ್ಟಿಸಿಕೊಳ್ಳುತ್ತ, ಮೂತ್ರಕ್ಕೆ ಹೋಗಬೇಕೆಂದು ಸನ್ನೆ ಮಾಡುತ್ತ ತೆರ್ಯೊ ಹೊರಬಿದ್ದ. ಬೀದಿಯ ಬಾಯಲ್ಲಿ, ಫ್ಲೆಕ್ಸಿನ ನೆರಳಲ್ಲಿ ಒಂದೇ ಟ್ರೈಸಿಕಲ್ ನಿಂತಿತ್ತು. ಲಿವಾನಾಗ್ ಅದರೊಳಗೆ ಮಂಡಿಗಳನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದ. ಇಬ್ಬರ ಜಾಗ ತುಂಬಿದ್ದ ಅವನನ್ನು ಇಬ್ಬರೆಂದೇ ಎಣಿಸಿ, ಇನ್ನೊಬ್ಬರಾದರೂ ಬರದೆ ಹೊರಡುವುದಿಲ್ಲವೆಂದು ಚಾಲಕ ಹೇಳಿಯಾಗಿತ್ತು. ತೆರ್ಯೊನನ್ನು ನೋಡಿ ಲಿವಾನಾಗ್ ಪಕ್ಕಕ್ಕೆ ಸರಿಯಲು ನೋಡಿದ, ಸರಿಯಲು ಜಾಗವಿರಲಿಲ್ಲ.

"ಆ ಎಲ್ ಬರೆಯೋದು ಎಲ್ಲಿ ಕಲಿತೆ?" ಎಂದು ಕೇಳಿದ.

"ಶಾಲೇಲಿ, ಸಿಸ್ಟರ್ ಪ್ರುದೆನ್ಸ್ಯಾ ಹತ್ರ. ತಪ್ಪಿದ್ರೆ ಗೆಣ್ಣಿಗೆ ಹೊಡೀತಿದ್ರು."

"ಹೊಡೆದದ್ದು ದಂಡ ಆಗಿಲ್ಲ." ಲಿವಾನಾಗ್ ಮುಖದ ಅರ್ಧದಲ್ಲಿ ನಕ್ಕ. ಶೂ ಬಂದ ಮೊದಲ ವಾರವೇ ಶುರುವಾಗಿತ್ತು, ಎಂದ. ಅಭಿಮಾನಿಗಳು ಅವನ ಸಹಿಯನ್ನು ಶೂವಿನ ಸಹಿಗೆ ಹೋಲಿಸಿ ಸುಳ್ಳೆನ್ನುತ್ತಿದ್ದರು, ಒಬ್ಬ ಹುಡುಗಿ ಅತ್ತೇಬಿಟ್ಟಳು. ಕಂಪನಿಗೆ ಹೇಳಿದರೆ ಅಚ್ಚು ಬದಲಾಯಿಸುವುದಕ್ಕಿಂತ ನಿನ್ನ ಕೈ ಬದಲಾಯಿಸುವುದು ಸುಲಭ ಎಂದರು. ಆಟ ಅಭ್ಯಾಸ ಮಾಡಿದಂತೆಯೇ ಅದನ್ನೂ ಅಭ್ಯಾಸ ಮಾಡಿದ.

"ಮದುವೆ ರಿಜಿಸ್ಟರಲ್ಲಿರೋದು ನಿನ್ನದೇ ಸಹಿ. ಹೆಂಡತೀನ ಆಸ್ಪತ್ರೆಗೆ ಸೇರಿಸುವಾಗ ಹಾಕಿದ್ದೂ ಅದೇ. ಹೋದ ವರ್ಷ ಪಾರ್ಶ್ವವಾಯು ಹೊಡೀತಲ್ಲ, ಕಲಿತದ್ದೆಲ್ಲ ಕೈ ಬಿಟ್ಟುಹೋಯ್ತು. ನನ್ನದೊಂದೇ ಉಳೀತು. ಅದನ್ನ ಯಾರೂ ಒಪ್ಪಲ್ಲ. ಬ್ಯಾಂಕಲ್ಲೂ ಒಪ್ಪಲ್ಲ. ನೀನು ಲಿವಾನಾಗ್ ಅಲ್ಲ ಅಂತ ಇವತ್ತು ಅಂದದ್ದು ಮೂರನೇ ಸಲ."

ತೆರ್ಯೊಗೆ ಹೇಳಬೇಕಾದದ್ದು ಬಹಳವಿತ್ತು. "ಎಣ್ಣೆ ಬಿತ್ತು," ಎಂದ. "ಪನ್ಸಿತ್‌ದು."

"ಯಾವ ಪನ್ಸಿತ್?"

ಅವನು ಹೇಳಿದ. ತಟ್ಟೆ, ಕಾಗದ, ಮೆಟ್ಟಿಲ ಮೇಲೆ ಯಜಮಾನ, ಬಾಯಲ್ಲಿ ಮೊಳೆ, ಪೂರ್ತಿಯಾಗಿ, ಹಿಂದುಮುಂದಾಗಿ. ಲಿವಾನಾಗ್ ನಡುವೆ ಒಂದು ಸಲವೂ ನಗಲಿಲ್ಲ. ಚಾಲಕ ಬೀಡಿ ಮುಗಿಸಿ ಮೂರನೆಯವನೇ ತೆರ್ಯೊ ಎಂದು ತೀರ್ಮಾನಿಸಿ, ಹಿಂದಿನ ಸೀಟು ತೋರಿಸಿ, ಹತ್ತುತ್ತೀರಾ ಇಲ್ಲವಾ ಎಂದು ಕೇಳಿದ. ಒಳಗೆ ಧ್ವನಿವರ್ಧಕ ರಿಬ್ಬನ್ ಕತ್ತರಿಸಲು ತಾತಾಂಗ್ ತೆರ್ಯೊ ಎಲ್ಲಿದ್ದರೂ ಬರಬೇಕೆಂದು ಕರೆಯುತ್ತಿತ್ತು. ತೆರ್ಯೊ ಹತ್ತಿದ.

ಇಂಜಿನ್ನಿನ ಸದ್ದಿನಲ್ಲಿ ಮಾತು ಸಾಧ್ಯವಿರಲಿಲ್ಲ. ಬಸ್ಸಿನಂತೆ ಜನರನ್ನು ತುಂಬಿಕೊಳ್ಳುವ ಜೀಪ್ನಿ ನಿಲ್ಲುವ ಜಾಗದಲ್ಲಿ ಇಳಿದ ಮೇಲೆ ಲಿವಾನಾಗ್ ಚೀಲದಿಂದ ಬಣ್ಣದ ಕಾಗದ ಸುತ್ತಿದ ಚಪ್ಪಟೆ ಪೊಟ್ಟಣ ತೆಗೆದ.

"ಮಗು ಇಲ್ಲವೇ ಇಲ್ಲ, ಅಲ್ವಾ?"

"ಇಲ್ಲ."

"ದಾರಿ ಪೂರ್ತಿ ಅದರ ಹೆಸರೇ ಯೋಚಿಸ್ತಾ ಬಂದೆ. ಇಷ್ಟು ವರ್ಷ ಧರ್ಮಪಿತ ಒಂದು ಕ್ರಿಸ್ಮಸ್ಸಿಗೂ ಏನೂ ಕೊಟ್ಟಿಲ್ಲ ಅಂತ ನಾಚಿಕೆ ಆಯ್ತು. ಈಗ ಮೂವತ್ತಾದ್ರೂ ಆಗಿರ್ಬೇಕು ಅಂತ ಬೆಲ್ಟ್ ತಂದೆ." ಅದನ್ನು ತೆರ್ಯೊನ ಕೈಗೆ ಒತ್ತಿದ. "ನೀನೇ ಹಾಕ್ಕೋ. ತೂತು ಜಾಸ್ತಿ ಬೇಕಾಗುತ್ತೆ."

ಜೀಪ್ನಿ ಬಂತು. ಲಿವಾನಾಗ್ ಬಾಗಿ, ಇನ್ನೂ ಬಾಗಿ, ಊಟದ ಪೊಟ್ಟಣಗಳನ್ನು ಎದೆಗವಚಿಕೊಂಡು ಒಳಗೆ ಹೊಕ್ಕ. ವಿಳಾಸ ಕೇಳಬೇಕೆಂದು ತೆರ್ಯೊಗೆ ಹೊಳೆಯುವಷ್ಟರಲ್ಲಿ ಅದು ಸೇತುವೆ ಹತ್ತಿತ್ತು.

ಅವನು ವಾಪಸು ಬಂದು ಟ್ರೈಸಿಕಲ್‌ನಲ್ಲಿ ಕೂತು, ಮನೆ ಕಡೆ ನಡಿ ಎಂದ. ಮೂವರು ಆಗದೆ ಹೊರಡುವುದಿಲ್ಲ ಎಂದ ಚಾಲಕ. ಮೂವರದೂ ಕೊಟ್ಟರೆ ಈಗಲೇ ಹೊರಡಬಹುದು ಎಂದೂ ಹೇಳಿದ. ಅವಸರವೇನಿಲ್ಲ, ಜನ ಬರಲಿ ಎಂದ ತೆರ್ಯೊ.

"ಜನ ಎಲ್ಲಿಂದ ಬರ್ತಾರೆ ತಾತಾಂಗ್? ಎಲ್ಲರೂ ಅಂಕಣದಲ್ಲಿದಾರೆ, ನಿಮ್ಮನ್ನ ಕಾಯ್ತಾ."

ಚಾಲಕ ಇಂಜಿನ್ ಆರಿಸಿದ. ಬಿಸಿಲು ಏರಿತು. ತೆರ್ಯೊ ಬೆಲ್ಟಿನ ಪೊಟ್ಟಣವನ್ನು ಪಕ್ಕದ ಖಾಲಿ ಸೀಟಿನ ಮೇಲಿಟ್ಟ, ಯಾರಾದರೂ ಬಂದರೆ ಎತ್ತಿಕೊಂಡರಾಯಿತೆಂದು.